ಜೊಂಡಿನ ಕಟ್ಟೆ

ಭಾನುವಾರ, ೧೨ ಅಕ್ಟೋಬರ್

ಪ್ರೀತಿಯ ಮೌನಗೌರಿಗೆ,

ನಾನು ಕ್ಷೇಮ. ನೀನು ಹೇಗಿದ್ದೀಯ? ಹೊಸ ಮನೆ ಒಗ್ಗಿತೇ? ಅಡುಗೆಮನೆಗೆ ಬೆಳಕು ಬರುತ್ತದೆಯೇ? ನಲ್ಲಿಯ ನೀರನ್ನು ಹಾಗೆಯೇ ಕುಡಿಯಬೇಡ, ಕುದಿಸಿ ಆರಿಸಿ ಕುಡಿ. ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೆಲಸದಿಂದ ತಡವಾಯಿತು ಎಂದು ಸುಳ್ಳು ಹೇಳುವುದಿಲ್ಲ. ಕೆಲಸ ಬಿಟ್ಟು ಕೂತವಳಿಗೆ ಏನು ಕೆಲಸ? ತಡವಾದದ್ದು ಸಿಟ್ಟಿನಿಂದ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಜಗಳ ಬಂದುಬಿಡುತ್ತಿತ್ತು, ಹರಿದು ಹಾಕುತ್ತಿದ್ದೆ. ಇದರಲ್ಲೂ ಜಗಳ ಇದೆ, ಆದರೆ ಸ್ವಲ್ಪ ಕೆಳಗೆ ಇಟ್ಟಿದ್ದೇನೆ.

ನಿನ್ನನ್ನು ಏನೆಂದು ಕರೆಯಬೇಕು ಎಂಬುದೇ ಒಂದು ತಲೆನೋವಾಯಿತು. ಸೊಸೆ ಎನ್ನೋಣವೆಂದರೆ ನೀನೂ ನನ್ನ ಮಗನೂ ಕೋರ್ಟಿನಲ್ಲಿ ಸಹಿ ಹಾಕಿದ ಕಾಗದ ಬಿಡುವುದಿಲ್ಲ. ಮಗಳೇ ಎಂದರೆ ನಿನಗೆ ಹಿಡಿಸುವುದಿಲ್ಲ ಎಂದು ಅವನು ಹೇಳುತ್ತಾನೆ. ಅದಕ್ಕೇ ಹಳೆಯ ಅಡ್ಡಹೆಸರನ್ನೇ ಹಾಕಿದೆ. ಅದನ್ನು ಇಟ್ಟವಳು ನಾನು, ಯಾವ ಕಾಗದಕ್ಕೂ ಅದು ಸೇರಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹಿತ್ತಿಲ ಕೊಳದ ಮೀನು ತೆಗೆದುಕೊಂಡು ಹೋದ ಮೇಲೆ ನನ್ನ ಮಗನಿಗೆ ಕಳಿಸಿದ ಸಂದೇಶ ಓದಿದೆ. ಅವನಾಗಿ ತೋರಿಸಲಿಲ್ಲ. ಫೋನು ಊಟದ ಮೇಜಿನ ಮೇಲಿತ್ತು, ಕಣ್ಣಿಗೆ ಬಿತ್ತು. ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ, ಇರಲಿ. ‘ಮೀನು ತಂದೆ. ಫಿಲ್ಟರ್ ಎಷ್ಟು ಚೆನ್ನಾಗಿ ಕಟ್ಟಿದೀಯ! ನಿಂಗೆ ಇಷ್ಟೊಂದು ತಾಳ್ಮೆ ಇದೆ ಅಂತ ಗೊತ್ತೇ ಇರ್ಲಿಲ್ಲ. ಥ್ಯಾಂಕ್ಸ್’ ಎಂದು ನೀನು ಬರೆದಿದ್ದೆ. ಅದಕ್ಕೆ ಆ ಪುಣ್ಯಾತ್ಮ ಕಳಿಸಿದ ಉತ್ತರ ಒಂದು ಹೆಬ್ಬೆರಳಿನ ಚಿತ್ರ. ಅಷ್ಟೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರಾದದ್ದು ನನ್ನ ಕೈ, ಮೊಸರು ಹೋದದ್ದು ಅವನ ಬಾಯಿಗೆ.

ನೀನು ಫಿಲ್ಟರ್ ಎಂದ ಆ ಜೊಂಡಿನ ಕಟ್ಟೆ ಕಟ್ಟಿದವಳು ನಾನು. ಅದನ್ನು ಹೇಳಲೆಂದೇ ಈ ಪತ್ರ. ಊರಿನ ಲಿಫ್ಟುಗಳನ್ನೆಲ್ಲ ಪರೀಕ್ಷೆ ಮಾಡುತ್ತ ದಿನಕ್ಕೆ ಹತ್ತು ಸಲ ಮೇಲೆ ಕೆಳಗೆ ಓಡಾಡುವ ನನ್ನ ಮಗ ಮನೆಯ ಹಿತ್ತಿಲಲ್ಲಿ ಒಂದು ಇಟ್ಟಿಗೆಯನ್ನು ಮೇಲೆತ್ತಲಿಲ್ಲ. ‘ಏನಮ್ಮಾ ಇದು, ಈ ವಯಸ್ಸಲ್ಲಿ’ ಎಂದು ಬಾಗಿಲಲ್ಲಿ ನಿಂತು ಹೇಳಿ ಒಳಗೆ ಹೋಗುತ್ತಿದ್ದ. ಅವನ ಕಾಣಿಕೆ ಅಷ್ಟು.

ಕೊಳ ನಿನ್ನದು, ಅದರಲ್ಲಿ ನನ್ನ ತಕರಾರಿಲ್ಲ. ಮದುವೆಯಾಗಿ ಬಂದ ವರ್ಷವೇ ಬಟ್ಟೆ ಒಣಗಿಸುವ ತಂತಿಯ ಆಚೆ ನೀನೇ ಗುದ್ದಲಿ ಹಿಡಿದು ತೋಡಿದೆ. ದಿನವಿಡೀ ಶಬ್ದ ನುಗ್ಗದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಜನರ ಕಿವಿಗೆ ಪೀಂ ಪೀಂ ಕೇಳಿಸಿ, ಯಾರಿಗೆ ಎಷ್ಟು ಕೇಳಿಸಿತು ಎಂದು ಬರೆದುಕೊಂಡು, ಸಂಜೆ ಮನೆಗೆ ಬಂದವಳೇ ಚಹಾ ಹಿಡಿದು ಕೊಳದ ಅಂಚಿಗೆ ಹೋಗಿ ಕೂರುತ್ತಿದ್ದೆ. ನಾನು ಹಿಂದೆಯೇ ಸ್ಟೂಲು ತಂದು ಪಕ್ಕದಲ್ಲಿ ಕೂರುತ್ತಿದ್ದೆ, ಒಬ್ಬಳೇ ಕೂತರೆ ನಿನಗೆ ಬೇಜಾರಾಗುತ್ತದೆ ಎಂದು. ಆ ದಿನದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದೆ. ನೀನು ಹ್ಞೂಂ ಎನ್ನುತ್ತಿದ್ದೆ. ಒಂದೊಂದು ದಿನ ಅದೂ ಇಲ್ಲ. ಊರವರ ಕಿವಿ ನೋಡುವವಳಿಗೆ ಅತ್ತೆಯ ಮಾತೇ ಕೇಳಿಸುವುದಿಲ್ಲ ಎಂದು ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಎಷ್ಟು ಸಲ ನಕ್ಕಿದ್ದೇನೋ. ಮೌನಗೌರಿ ಎಂಬ ಹೆಸರು ಹುಟ್ಟಿದ್ದೂ ಆ ಕೊಳದ ಅಂಚಿನಲ್ಲೇ.

ನೀನು ಸೂಟ್‌ಕೇಸ್ ಎಳೆದುಕೊಂಡು ಹೊರಟ ದಿನ ಬಾಗಿಲಲ್ಲಿ ನಿಂತು ಆಡಿದ ಮಾತು ನನಗೆ ಬಾಯಿಪಾಠ. ‘ಹಿತ್ತಿಲಿರೋ ಮನೆ ಸಿಕ್ಕಿದ ಮೇಲೆ ಬಂದು ಮೀನು ತಗೊಂಡು ಹೋಗ್ತೀನಿ. ಅಲ್ಲೀವರೆಗೂ ದಯವಿಟ್ಟು ಯಾರೂ ಏನೂ ಮಾಡ್ಬೇಡಿ. ಹಾಗೇ ಬಿಟ್ಬಿಡಿ.’ ನನ್ನ ಮಗನ ಕಡೆ ನೋಡಿಕೊಂಡು ಹೇಳಿದೆ, ಆದರೂ ಕೇಳಿಸಿಕೊಂಡವಳು ನಾನು. ಅದರಲ್ಲಿ ‘ಬಂದು’ ಎಂಬ ಒಂದು ಮಾತು ನನಗೆ ಸಾಕಾಗಿತ್ತು. ಬರುತ್ತಾಳೆ, ಒಂದು ಗಳಿಗೆ ಕೂರುತ್ತಾಳೆ, ಚಹಾ ಕುಡಿಯುತ್ತಾಳೆ, ಮುಖ ನೋಡುತ್ತೇನೆ. ಗಂಡ ಹೆಂಡಿರ ಜಗಳಕ್ಕೆ ನಾನೇನು ಮಾಡಲಿ? ನಿಮ್ಮಿಬ್ಬರ ಮಧ್ಯೆ ನಾನು ಒಂದು ದಿನವೂ ಬಾಯಿ ಹಾಕಿದವಳಲ್ಲ. ಹಾಗಿದ್ದ ಮೇಲೆ ನನ್ನ ನಿನ್ನ ನಂಟು ಕಡಿಯಲು ಕಾರಣವೇ ಇಲ್ಲ ಎಂದುಕೊಂಡಿದ್ದೆ.

ಆದರೆ ಹಾಗೇ ಬಿಡುವುದು ನನ್ನ ಹುಟ್ಟುಗುಣವಲ್ಲ, ನಿನಗೆ ಗೊತ್ತು. ಕೆಲಸಕ್ಕೆ ಸೇರಿದಂದಿನಿಂದ ಬಿಡುವವರೆಗೆ ಆಸ್ಪತ್ರೆಯ ಉಗಿಕೋಣೆಯಲ್ಲಿ ಇದ್ದವಳು ನಾನು. ಆಪರೇಷನ್ನಿನ ಕತ್ತರಿ, ಚಿಮುಟ, ಬಟ್ಟಲು ಎಲ್ಲವನ್ನೂ ತೊಳೆದು, ಗಂಟು ಕಟ್ಟಿ, ಉಗಿಯಲ್ಲಿ ಬೇಯಿಸಿ, ಒಂದು ಹುಳುವೂ ಬದುಕಿಲ್ಲ ಎಂದು ಮುದ್ರೆ ಒತ್ತಿ ಕಳಿಸುತ್ತಿದ್ದವಳು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಬೇಕಲ್ಲ? ಈ ಮನೆಯಲ್ಲಿ ನಿನ್ನ ಲೋಟ ನೀನು ತೊಳೆದ ಮೇಲೆ ಮತ್ತೊಮ್ಮೆ ತೊಳೆಯುತ್ತಿದ್ದವಳು ಯಾರು? ನಿನ್ನ ಹಲ್ಲುಜ್ಜುವ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಇಡುತ್ತಿದ್ದವಳು ಯಾರು? ನಿನ್ನ ಕೋಣೆಗೆ ಬಂದು ಬೀರು ತೆಗೆದು ಬಟ್ಟೆಗಳನ್ನೆಲ್ಲ ಹೊಸದಾಗಿ ಮಡಚಿಡುತ್ತಿದ್ದವಳು ಯಾರು? ಹೆತ್ತ ತಾಯಿಯೂ ಅಷ್ಟು ಮಾಡುವುದಿಲ್ಲ ಎಂದು ಟೈಲರಮ್ಮನೇ ಹೇಳುತ್ತಾಳೆ.

ಹಾಗಾಗಿ ನೀನು ಹೋದ ಮೇಲೆ ಆ ಕೊಳ ನೋಡಿ ನನಗೆ ತಡೆಯಲಾಗಲಿಲ್ಲ. ಅಂಚಿನ ತುಂಬ ಲೋಳೆ, ಗಿಡದ ಬೇರಿನಲ್ಲಿ ಕಪ್ಪು ಗಸಿ. ನಿನ್ನ ಮೀನು ಇಂಥ ಹೊಲಸಿನಲ್ಲಿ ಇರುವುದೇ ಎಂದು ಮೀನುಗಳನ್ನು ಸ್ನಾನದ ತೊಟ್ಟಿಗೆ ಹಾಕಿ, ಕೊಳ ಬರಿದು ಮಾಡಿ, ಬ್ರಷ್ ಹಿಡಿದು ತಳದ ರಬ್ಬರು ಹೊಳೆಯುವವರೆಗೆ ತಿಕ್ಕಿದೆ. ಗಿಡಗಳನ್ನು ಕಿತ್ತೆಸೆದೆ. ನಲ್ಲಿಯ ನೀರು ತುಂಬಿಸಿ ಮೀನು ಬಿಟ್ಟೆ. ಕನ್ನಡಿಯಂತಿತ್ತು. ಎರಡು ದಿನಕ್ಕೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲಿದವು. ವಾರ ಕಳೆಯುವುದರಲ್ಲಿ ನೀರು ಹಸಿರು ಬಣ್ಣ ಕಲಸಿಟ್ಟಂತೆ ಆಗಿ, ಉಳಿದ ಏಳು ಬದುಕಿವೆಯೋ ಸತ್ತಿವೆಯೋ ಕಾಣದ ಹಾಗಾಯಿತು.

ಸಾಕುಮೀನು ಮಾರುವವನ ಅಂಗಡಿಗೆ ಹೋದೆ. ಅವನು ಒಂದು ನೀಲಿ ಬಾಟಲಿ ಕೊಟ್ಟು ‘ಮುಚ್ಚಳದಷ್ಟು ಹಾಕಿ, ಎಲ್ಲ ಸತ್ತೋಗುತ್ತೆ’ ಎಂದ. ‘ಎಲ್ಲ ಅಂದ್ರೆ ಮೀನೂನಾ?’ ಎಂದೆ. ಅವನು ಯೋಚನೆ ಮಾಡತೊಡಗಿದ. ನಾನು ಬಾಟಲಿ ಅಲ್ಲೇ ಇಟ್ಟು ಮನೆಗೆ ಬಂದೆ. ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಫೋನಿನಲ್ಲಿ ಹುಡುಕಿದೆ. ಉದ್ದ ಗಡ್ಡದವನೊಬ್ಬ ಸಿಕ್ಕಿದ. ಅವನು ಮಾತಾಡುವುದರಲ್ಲಿ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ, ಆದರೆ ಕೈ ಮಾಡಿದ್ದು ಅರ್ಥವಾಗುತ್ತಿತ್ತು. ಕೊಳದ ಪಕ್ಕದಲ್ಲಿ ಅದಕ್ಕಿಂತ ಎತ್ತರಕ್ಕೆ ಒಂದು ಕಟ್ಟೆ ಕಟ್ಟು. ಅದರೊಳಗೆ ನೀರು ನಿಲ್ಲುವಂತೆ ದಪ್ಪ ರಬ್ಬರ್ ಹಾಳೆ ಹಾಸು. ತಳದಲ್ಲಿ ತೂತಿನ ಪೈಪು, ಮೇಲೆ ಕಲ್ಲು, ಕಲ್ಲಿನಲ್ಲಿ ಜೊಂಡು. ಕೊಳದ ಗಲೀಜು ನೀರನ್ನು ಪಂಪು ಪೈಪಿಗೆ ತಳ್ಳುತ್ತದೆ, ಅದು ಕಲ್ಲಿನ ಸಂದಿಯಲ್ಲಿ ಮೇಲೇರುತ್ತದೆ, ಜೊಂಡಿನ ಬೇರು ಬೇಕಾದ್ದನ್ನು ತಿಂದುಕೊಳ್ಳುತ್ತದೆ, ತಿಳಿನೀರು ಮುಂದಿನ ಅಂಚಿನಿಂದ ಕೊಳಕ್ಕೆ ಬೀಳುತ್ತದೆ. ಒಂದು ಹಿಡಿ ಮಣ್ಣೂ ಹಾಕುವ ಹಾಗಿಲ್ಲ. ಜೌಗು ನೆಲವನ್ನು ಪೆಟ್ಟಿಗೆಯಲ್ಲಿ ಸಾಕಿದ ಹಾಗೆ.

ಇಟ್ಟಿಗೆ ಇಳಿಸಿದವನು ಗೇಟಿನ ಹತ್ತಿರ ಇಳಿಸಿ ಹೋದ. ಅಲ್ಲಿಂದ ಹಿತ್ತಿಲಿಗೆ ನಾನೇ ಹೊತ್ತೆ, ಕೈಯಲ್ಲಿ ಎರಡೆರಡು. ಮೊಣಕಾಲಿನ ಕಥೆ ಬರೆಯುವುದಿಲ್ಲ. ನಾಲ್ಕು ಸಾಲು ಏರಿಸಿ, ಗಾರೆ ಮೆತ್ತಿ, ರಬ್ಬರ್ ಹಾಳೆ ಮಡಚಿ ಮೂಲೆಗೆ ಕೂರಿಸುವಾಗ ಮಾತ್ರ ನನಗೆ ನಗು ಬಂತು. ಆಸ್ಪತ್ರೆಯಲ್ಲಿ ಕತ್ತರಿಗಳ ಗಂಟು ಕಟ್ಟುತ್ತಿದ್ದೆನಲ್ಲ, ಅದೇ ಮಡಿಕೆ. ಕೈಗೆ ನೆನಪಿತ್ತು. ಟೈಲರಮ್ಮ ಗೋಡೆಯ ಮೇಲಿಂದ ಇಣುಕಿ, ‘ಅಮ್ಮ, ಈ ಮೂಲೆ ನನ್ ಕೈಲೂ ಇಷ್ಟು ಚೆನ್ನಾಗಿ ಬರಲ್ಲ’ ಎಂದಳು. ಅವಳು ಸುಮ್ಮನೆ ಹೊಗಳುವವಳಲ್ಲ.

ಪೈಪಿಗೆ ಗರಗಸದಲ್ಲಿ ಬೆರಳಗಲಕ್ಕೆ ಒಂದರಂತೆ ಗೀರು ಹಾಕಿದೆ. ಅಷ್ಟೂ ಗೀರು ಹಾಕುವ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ತಾಪತ್ರಯ ಆದದ್ದು ಮುಂದಿನ ಅಂಚಿನಲ್ಲಿ. ನೀರು ಅಲ್ಲಿಂದಲೇ ಬೀಳಬೇಕಾದರೆ ಉಳಿದ ಮೂರು ಕಡೆ ಎತ್ತರವಿದ್ದು ಅದೊಂದೇ ತಗ್ಗಿರಬೇಕು. ಕಣ್ಣಳತೆಯಲ್ಲಿ ಸರಿಯಾಗಿಯೇ ಕಂಡಿತು. ಪಂಪು ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ನೀರು ಹಿಂದಿನ ಮೂಲೆಯಿಂದ ಇಳಿದು ಟೈಲರಮ್ಮನ ಗೋಡೆಯ ಬುಡ ಸೇರಿದೆ, ಕೊಳ ಅರ್ಧವಾಗಿದೆ, ನಿನ್ನ ಮೀನು ತಗ್ಗಿನಲ್ಲಿ ಒಂದರ ಮೇಲೊಂದು ಬಿದ್ದು ಬಾಯಿ ಬಿಡುತ್ತಿವೆ. ಒಳಗಿದ್ದ ಬಕೆಟ್ಟು, ಕೊಡ, ಪಾತ್ರೆಗಳಲ್ಲೆಲ್ಲ ನಲ್ಲಿ ನೀರು ಹಿಡಿದು ಬಿಸಿಲಿಗಿಟ್ಟು, ಬ್ಲೀಚಿಂಗ್ ವಾಸನೆ ಹೋದ ಮೇಲೆ ಒಂದೊಂದೇ ಸುರಿದೆ. ಆ ಪಾಠ ಎರಡು ಮೀನು ಕೊಟ್ಟು ಕಲಿತದ್ದು, ಮರೆಯುವ ಹಾಗಿರಲಿಲ್ಲ. ಆಮೇಲೆ ಗ್ಲೂಕೋಸ್ ಏರಿಸುವ ಪಾರದರ್ಶಕ ನಳಿಗೆಯೊಂದನ್ನು ಹುಡುಕಿ ತೆಗೆದೆ. ಅದರಲ್ಲಿ ನೀರು ತುಂಬಿ ಎರಡು ತುದಿಯನ್ನು ಎರಡು ಮೂಲೆಗೆ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಯಾವ ಮೂಲೆ ಎಷ್ಟು ಕೆಳಗಿದೆ ಎಂದು ತಾನೇ ಹೇಳುತ್ತದೆ. ಹಿಂದಿನ ಮೂಲೆ ಒಂದು ಹೆಬ್ಬೆರಳಿನಷ್ಟು ಕೆಳಗಿತ್ತು. ಒಂದು ಸಾಲು ಕಿತ್ತು ಮತ್ತೆ ಕಟ್ಟಿದೆ.

ಆಮೇಲೆ ಬಂತು ಕಲ್ಲು. ಬಟಾಣಿ ಗಾತ್ರದ ನುಣುಪು ಕಲ್ಲು. ದೂಳು ಹೋಗುವವರೆಗೆ ತೊಳೆದೆ. ತೊಳೆದರೆ ಸಾಕೇ? ನನ್ನ ಕೈ ತಾನಾಗಿಯೇ ಬ್ಲೀಚಿಂಗ್ ಪುಡಿಯ ಡಬ್ಬಿಗೆ ಹೋಯಿತು. ದೊಡ್ಡ ಬಕೆಟ್ಟಿನಲ್ಲಿ ಕಲಸಿದೆ. ಕಲ್ಲು ಅದ್ದುವುದೊಂದು ಬಾಕಿ. ಅಷ್ಟರಲ್ಲಿ ಫೋನಿನಲ್ಲಿ ಗಡ್ಡದವನು ಹೇಳಿದ್ದು ಕಿವಿಗೆ ಬಿತ್ತು. ನೀರು ತಿಳಿ ಮಾಡುವುದು ಕಲ್ಲಲ್ಲ, ಕಲ್ಲಿನ ಮೇಲೆ ಕೂರುವ ಲೋಳೆ. ಅದರಲ್ಲಿ ಕಣ್ಣಿಗೆ ಕಾಣದ ಹುಳುಗಳಿವೆ. ಅವು ಬಂದು ಮನೆ ಮಾಡಿಕೊಳ್ಳಲು ವಾರಗಟ್ಟಲೆ ಬೇಕು. ಅಷ್ಟು ದಿನ ತೊಳೆಯಬೇಡ, ಕೆದಕಬೇಡ, ಪಂಪು ನಿಲ್ಲಿಸಬೇಡ, ಸುಮ್ಮನೆ ಕೈ ಕಟ್ಟಿ ಕೂತಿರು ಎಂದ.

ನಾನು ಆ ಬಕೆಟ್ಟಿನ ಮುಂದೆ ಸ್ಟೂಲು ಹಾಕಿಕೊಂಡು ಬಹಳ ಹೊತ್ತು ಕೂತೆ. ಕಣ್ಣಿಗೆ ಕಾಣದ್ದನ್ನು ಕೊಲ್ಲುವುದಕ್ಕೇ ಇಡೀ ಆಯುಷ್ಯ ಸಂಬಳ ತೆಗೆದುಕೊಂಡವಳು ನಾನು. ಈಗ ಅವುಗಳನ್ನೇ ಕರೆದು ಕೂರಿಸಬೇಕಂತೆ. ಸಿಟ್ಟು ಬಂತು, ನಗುವೂ ಬಂತು. ನೀನು ಕೊಳದ ಅಂಚು ತಿಕ್ಕಬೇಡಿ ಎಂದು ಅಷ್ಟು ಸಲ ಯಾಕೆ ಹೇಳುತ್ತಿದ್ದೆ ಎಂದು ಆಗ ಗೊತ್ತಾಯಿತು. ಬಕೆಟ್ಟನ್ನು ಬಚ್ಚಲಿಗೆ ಸುರಿದೆ.

ಜೊಂಡು, ಕ್ಯಾನಾ ಹೂವಿನ ಗಿಡ, ನೀರಂಚಿನ ಪುದೀನ ತಂದು ಬೇರಿನ ಮಣ್ಣು ತೊಳೆದು ಕಲ್ಲಿನಲ್ಲಿ ಊರಿ ಪಂಪು ಹಾಕಿದೆ. ಮೊದಲು ಕಂದು ನೀರು ಬಂತು. ಆಮೇಲೆ ಕಲ್ಲಿನ ಮೇಲೆ ಲೋಳೆ ಏರಿತು. ಎಲೆ ಹಳದಿಯಾಯಿತು. ನನಗೆ ಕೈ ತುರಿಸುತ್ತಿತ್ತು. ಬ್ರಷ್ಷು ಬಾಗಿಲ ಹಿಂದೆಯೇ ಇತ್ತು. ತಡೆಯಲಾರದೆ ಬ್ರಷ್ಷನ್ನು ಟೈಲರಮ್ಮನ ಮನೆಯಲ್ಲಿ ಕೊಟ್ಟು ಬಂದೆ, ಎಷ್ಟು ಬೇಡಿದರೂ ಕೊಡಬೇಡ ಎಂದು. ಮಧ್ಯಾಹ್ನ ಅವಳ ಮನೆಗೇ ಹೋಗಿ ಕೂರುತ್ತಿದ್ದೆ. ‘ಏನಮ್ಮ, ಇವತ್ತೂ ತಪ್ಪಿಸ್ಕೊಂಡು ಬಂದ್ರಾ?’ ಎಂದು ಅವಳು ಮಿಷನ್ ತುಳಿಯುತ್ತಲೇ ನಗುತ್ತಿದ್ದಳು. ನಗಲಿ. ಬೇಸಿಗೆ ಮುಗಿಯುವವರೆಗೆ ನಾನು ಆ ಕಟ್ಟೆಯ ಒಂದು ಕಲ್ಲು ಮುಟ್ಟಲಿಲ್ಲ. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ, ಇಟ್ಟಿಗೆ ಹೊತ್ತದ್ದಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಹೋಗಿ ನೋಡಿದರೆ ತಳ ಕಾಣುತ್ತಿದೆ. ಏಳೂ ಮೀನು ಬದುಕಿವೆ. ಆ ಮುದಿ ಕರಿಯ, ನೀನು ಹೆಗಲಿಗೆ ಹೆಗಲು ತಾಗಿಸಿ ನನಗೆ ಮೊದಲು ತೋರಿಸಿದ್ದೆಯಲ್ಲ, ಅದರ ಮೀಸೆ ಕೂಡ ಕಾಣಿಸಿತು. ನಾನು ಅಲ್ಲೇ ಕೂತುಬಿಟ್ಟೆ. ನೀರು ಅಂಚಿನಿಂದ ಬೀಳುತ್ತಿತ್ತು. ಎಷ್ಟು ವರ್ಷ ನಿನ್ನ ಪಕ್ಕದಲ್ಲೇ ಕೂತಿದ್ದರೂ ಕೊಳದಲ್ಲಿ ಮೀನು ಪುಳಕ್ಕೆನ್ನುವ ಶಬ್ದವನ್ನೂ ನಾನು ಕೇಳಿಯೇ ಇರಲಿಲ್ಲ, ಮಾತಾಡುತ್ತಿದ್ದೆನಲ್ಲ. ನೀನು ಬಂದಾಗ ಏನು ಮಾಡಬೇಕು ಎಂದು ಆಗಲೇ ತೀರ್ಮಾನ ಮಾಡಿದೆ. ಸ್ಟೂಲು ತಂದು ಪಕ್ಕದಲ್ಲಿ ಕೂರಬೇಕು, ಬಾಯಿ ಬಿಡಬಾರದು. ಕಟ್ಟೆಯ ಬಗ್ಗೆಯೂ ಹೇಳಬಾರದು. ನೀನಾಗಿ ಕೇಳಿದರೆ ಸರಿ.

ಹೋದ ತಿಂಗಳು ಒಂದು ದಿನ, ನಿನಗೆ ಮನೆ ಸಿಕ್ಕಿದೆ, ಈ ವಾರ ಬರುತ್ತೀಯ ಎಂದು ನನ್ನ ಮಗ ಹೇಳಿದ. ಯಾವತ್ತೋ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ‘ನೋಡೋಣ, ಅವಳ ಕೆಲಸ ನೋಡ್ಕೊಂಡು’ ಎಂದ. ಸೋಮವಾರದಿಂದ ಮನೆ ಬಿಟ್ಟು ಅಲುಗಲಿಲ್ಲ. ನೀನು ಬಿಟ್ಟುಹೋದ ನೀಲಿ ಲೋಟ ತೆಗೆದಿಟ್ಟೆ, ಒಂದೇ ಸಲ ತೊಳೆದೆ. ಸಕ್ಕರೆ ಕಡಿಮೆ ಹಾಕಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಗುರುವಾರ ನಮ್ಮ ಆಸ್ಪತ್ರೆಯ ಹಳೆಯ ಗೆಳತಿಯರ ಕೂಟ ಇರುತ್ತದಲ್ಲ, ಅದಕ್ಕೂ ಹೋಗಬಾರದು ಎಂದಿದ್ದೆ. ‘ಹೋಗಮ್ಮ, ಇವತ್ತು ಅವಳು ಬರಲ್ಲ’ ಎಂದು ಮಗನೇ ಚಪ್ಪಲಿ ತಂದು ಮುಂದಿಟ್ಟ. ಹೋದೆ. ಅವತ್ತೇ ನೀನು ಬಂದೆ.

ಅವನಿಗೂ ಗೊತ್ತಿರಲಿಕ್ಕಿಲ್ಲ ಬಿಡು. ನಿನಗೂ ಗುರುವಾರದ ಕೂಟ ಮರೆತಿರಬೇಕು. ಈ ಮನೆಯಲ್ಲಿ ನಾಲ್ಕು ವರ್ಷ ಇದ್ದೆ, ಪ್ರತಿ ಗುರುವಾರ ನನ್ನನ್ನು ಬಾಗಿಲವರೆಗೆ ಬಂದು ಕಳಿಸುತ್ತಿದ್ದೆ, ಆದರೂ ಮರೆಯಬಾರದು ಎಂದೇನೂ ಇಲ್ಲ. ಸಂಜೆ ಬಂದು ನೋಡಿದರೆ ಹಿತ್ತಿಲ ಬಾಗಿಲಲ್ಲಿ ನೀರು ಚೆಲ್ಲಿದೆ, ಒದ್ದೆ ಹೆಜ್ಜೆ ಇದೆ, ಕೊಳದಲ್ಲಿ ಮೀನಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀಲಿ ಲೋಟ ಇಟ್ಟಲ್ಲೇ ಇತ್ತು.

ಸಂದೇಶ ಓದಿದ ದಿನ ಮಗನನ್ನು ಕೇಳಿಯೇಬಿಟ್ಟೆ. ‘ಕಟ್ಟಿದ್ದು ಅಮ್ಮ ಅಂತ ಒಂದು ಸಾಲು ಬರೆಯೋಕೆ ನಿನ್ ಕೈ ಸವೆದು ಹೋಗ್ತಿತ್ತೇನೋ?’ ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ‘ಬರೆದ್ರೆ ಅವಳು ನಿಂಗೆ ಥ್ಯಾಂಕ್ಸ್ ಹೇಳ್ಬೇಕಾಗುತ್ತೆ. ಹೇಳೋಕೆ ಫೋನ್ ಮಾಡ್ಬೇಕಾಗುತ್ತೆ. ಮಾಡಿದ್ರೆ ನೀನು ಇಡಲ್ಲ. ಸುಮ್ನೆ ಬಿಡಮ್ಮ ಅವಳನ್ನ’ ಎಂದ. ‘ಹೆಂಡತೀನ ಉಳಿಸ್ಕೊಳ್ಳೋಕಾಗದೋನು ನನಗೆ ಬುದ್ಧಿ ಹೇಳ್ಬೇಡ’ ಎಂದೆ. ಅದಕ್ಕೆ ಅವನು ನಕ್ಕ. ಖುಷಿಯ ನಗುವಲ್ಲ. ‘ನಾವಿಬ್ರೇ ಬೇರೆ ಮನೆ ಮಾಡಿದ್ದಿದ್ರೆ ಉಳಿಸ್ಕೋತಿದ್ನೇನೋ’ ಎಂದು ಕೈ ತೊಳೆಯಲು ಎದ್ದುಹೋದ. ಸಿಟ್ಟಿನಲ್ಲಿ ಆಡಿದ ಮಾತು. ತನ್ನ ತಪ್ಪನ್ನು ತಾಯಿಯ ತಲೆಗೆ ಕಟ್ಟುವ ಗಂಡುಮಕ್ಕಳನ್ನು ನಾನು ಆಸ್ಪತ್ರೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಇನ್ನೊಂದು ಸುದ್ದಿ. ನೀನು ಆರು ಮೀನು ಒಯ್ದಿದ್ದೀಯ. ಮುದಿ ಕರಿಯ ಇಲ್ಲೇ ಉಳಿದಿದೆ. ನೀರು ಬೀಳುವ ಜಾಗದ ಹಿಂದೆ, ಕಟ್ಟೆಯ ಬುಡದ ನೆರಳಿನಲ್ಲಿ ಸೇರಿಕೊಂಡಿತ್ತು. ಸಿಗಲಿಲ್ಲವೋ, ಸತ್ತಿದೆ ಎಂದುಕೊಂಡೆಯೋ ತಿಳಿಯದು. ಈಗ ಒಂದೇ ಅಷ್ಟು ನೀರಿನಲ್ಲಿ ಅತ್ತಿಂದಿತ್ತ ಹೋಗುತ್ತಿರುತ್ತದೆ. ನಾನು ಹೋದರೆ ಮೇಲೆ ಬರುತ್ತದೆ, ಆದರೆ ಅದು ತಿಂಡಿಗೆ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಬಂದಿದೆ, ಸುಖವಾಗಿರು. ನಿನ್ನ ಹೊಸ ಕೊಳ ತಿಳಿಯಾಗಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ನೀರು ಹಾಕಿಕೊಂಡ ದಿನ ಚೆನ್ನಾಗಿ ಒರೆಸಿಕೋ. ನಿನ್ನ ಕೈ ಹಿಡಿಯುವವನು ಇನ್ನೊಬ್ಬ ಬಂದರೆ ನನ್ನ ಮಗನಿಗಿಂತ ಗಟ್ಟಿ ಬೆನ್ನಿನವನಾಗಿರಲಿ. ಇದು ಹೊಟ್ಟೆಯಿಂದ ಬಂದ ಹರಕೆ.

ಇಂತಿ,
ನಿನ್ನ ಅತ್ತೆ
(ನೀವಿಬ್ಬರೂ ಸಹಿ ಹಾಕಿದಿರಿ. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ.)

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನಿನ್ನೆ ಟೈಲರಮ್ಮ ಬ್ರಷ್ಷು ವಾಪಸ್ ಕೊಡಲು ಬಂದಿದ್ದಳು. ನೀನು ಬಂದ ದಿನ ಅವಳೇ ನಿನ್ನನ್ನು ಮಾತಾಡಿಸಿದ್ದಂತೆ. ಒಳ್ಳೆಯ ಸುದ್ದಿ ಎಂದೇ ನನಗೆ ಹೇಳಿದಳು, ಪಾಪ. ‘ಗೋಡೆ ಹತ್ರ ನಿಂತು, ಅಮ್ಮ ಇದಾರಾ ಅಂತ ಮೊದ್ಲು ನನ್ನೇ ಕೇಳಿದ್ಲ್ರೀ. ಇಲ್ವಲ್ಲಮ್ಮ, ಇವತ್ತು ಗುರುವಾರ ಅಲ್ವಾ ಅಂದೆ. ಸದ್ಯ ಅಂದ್ಲು. ಆಮೇಲೆ ಗೇಟ್ ತೆಗೆದು ಬಂದು ಎಷ್ಟೊತ್ತು ಕೂತಿದ್ಲು ಗೊತ್ತಾ ಕೊಳದ ಹತ್ರ, ಒಬ್ಬಳೇ, ಆರಾಮಾಗಿ. ಅವಳು ಅಷ್ಟು ನೆಮ್ಮದಿಯಾಗಿ ಕೂತಿದ್ದು ನಾನು ನೋಡೇ ಇರ್ಲಿಲ್ಲ.’

ಸದ್ಯ ಎಂಬ ಮಾತನ್ನು ನಾನು ಆಸ್ಪತ್ರೆಯಲ್ಲಿ ದಿನವೂ ಕೇಳುತ್ತಿದ್ದೆ. ಜ್ವರ ಬಿಟ್ಟಾಗ ಜನ ಹಾಗೆನ್ನುತ್ತಿದ್ದರು.

ಕರಿಯನನ್ನು ತೆಗೆದುಕೊಂಡು ಹೋಗು. ಅದಕ್ಕೆ ಒಂಟಿ ಬದುಕು ಆಗುವುದಿಲ್ಲ. ಗುರುವಾರವೇ ಬಾ. ನಮ್ಮ ಕೂಟ ಹೋದ ವಾರದಿಂದ ನಿಂತುಹೋಗಿದೆ, ಆದರೂ ನಾನು ಮಧ್ಯಾಹ್ನ ಹೊರಗೆ ಹೋಗಿ ಕತ್ತಲಾದ ಮೇಲೆ ಬರುತ್ತೇನೆ. ಗೇಟಿಗೆ ಬೀಗ ಹಾಕಿರುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಕೂತಿರು.